ಪ್ರಾಜೆಕ್ಟ್ ಮುಗಿದ ಮೇಲೆ: ಟೀಮ್ ಕಲಿತದ್ದನ್ನು ಬರೆದಿಡುವುದು ಹೇಗೆ

ಕಾಲೇಜಿನ ಸಾಫ್ಟ್‌ವೇರ್ ಪ್ರಾಜೆಕ್ಟ್‌ನ ಡೆಮೊ ಮುಗಿದಿದೆ. ರಿಪೋರ್ಟ್‌ನಲ್ಲಿ ಇನ್ನು ಒಂದೇ ಪುಟ ಬಾಕಿ. ತಲೆಬರಹ ‘ಕಲಿತ ಪಾಠಗಳು’. ರಾತ್ರಿ ಹನ್ನೊಂದು ಗಂಟೆಗೆ ಟೀಮ್‌ನಲ್ಲಿ ಯಾರೋ ಒಬ್ಬರು ಕೂತು ಬರೆಯುತ್ತಾರೆ: ‘ತಂಡದಲ್ಲಿ ಕೆಲಸ ಮಾಡುವುದನ್ನು ಕಲಿತೆವು. ಸಮಯದ ಮಹತ್ವ ತಿಳಿಯಿತು. ನಮ್ಮ ನಡುವೆ ಸಂವಹನ ಇನ್ನೂ ಚೆನ್ನಾಗಿರಬೇಕಿತ್ತು.’

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಮಾತು. ಯಾವ ಟೀಮ್‌ನ ರಿಪೋರ್ಟ್‌ಗೆ ಅಂಟಿಸಿದರೂ ಹೊಂದಿಕೊಳ್ಳುತ್ತದೆ. ಇದನ್ನು ಓದಿಕೊಂಡು ಮುಂದಿನ ಪ್ರಾಜೆಕ್ಟ್‌ನಲ್ಲಿ ಯಾರೂ ಒಂದು ಕೆಲಸವನ್ನೂ ಬೇರೆ ಥರ ಮಾಡಲಾರರು.

ನಾನೂ ಓದುವಾಗ ಇಂಥದೇ ಪುಟ ಬರೆದಿದ್ದೆ. ಆಮೇಲೆ ಕೆಲಸಕ್ಕೆ ಸೇರಿದೆ. ಬಿಡುವಿದ್ದಾಗ ವಿದ್ಯಾರ್ಥಿಗಳ ಟೀಮ್‌ಗಳ ಜೊತೆ ಕೂರುವ ಅಭ್ಯಾಸ ಬೆಳೆಯಿತು. ಅಲ್ಲಿ ನನಗೆ ಒಂದು ಸಂಗತಿ ಗಟ್ಟಿಯಾಯಿತು. ನಿಜವಾದ ಪಾಠಕ್ಕೆ ಒಂದು ದಿನಾಂಕ ಇರುತ್ತದೆ. ಬೇರೆ ದಾರಿ ಹಿಡಿಯಬಹುದಾಗಿದ್ದ, ಆದರೆ ಹಿಡಿಯದೇ ಬಿಟ್ಟ ಒಂದು ದಿನ. ಆ ದಿನವನ್ನು ಹುಡುಕಿ ತೆಗೆಯುವುದು ಹೇಗೆ ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

1. ಒಂದು ವಾರದೊಳಗೆ ಕೂರಿ

ಡೆಮೊ ಮುಗಿದ ದಿನವೇ ಬೇಡ. ಅವತ್ತು ಎಲ್ಲರಿಗೂ ನಿದ್ದೆ ಬೇಕು. ಡೆಮೊ ಚೆನ್ನಾಗಿ ಆಗಿದ್ದರೆ ಎಲ್ಲವೂ ಚೆನ್ನಾಗಿತ್ತು ಅನಿಸುತ್ತದೆ, ಕೆಟ್ಟರೆ ಎಲ್ಲವೂ ಕೆಟ್ಟಿತ್ತು ಅನಿಸುತ್ತದೆ. ಎರಡು ಮೂರು ದಿನ ಬಿಡಿ. ಆದರೆ ಒಂದು ವಾರ ದಾಟಿಸಬೇಡಿ. ಪರೀಕ್ಷೆಯೋ ರಜೆಯೋ ಬಂದರೆ ಐದು ಜನರನ್ನು ಮತ್ತೆ ಒಂದು ಕಡೆ ಸೇರಿಸುವುದು ಕಷ್ಟ. ಒಂದೂವರೆ ಗಂಟೆ ಸಾಕು.

ಪ್ರಾಜೆಕ್ಟ್ ಇನ್ನೂ ನಡೆಯುತ್ತಿರುವಾಗ ಇದನ್ನು ಓದುತ್ತಿದ್ದರೆ ಇನ್ನೂ ಒಳ್ಳೆಯದು. ಸಾಫ್ಟ್‌ವೇರ್ ಕೆಲಸ ಹೇಗೆ ನಡೆಯಬೇಕು ಅಂತ 2001ರಲ್ಲಿ 17 ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆಯ ಜೊತೆ 12 ತತ್ವಗಳಿವೆ. ಕೊನೆಯದು ಇದೇ ವಿಷಯ: ಟೀಮ್ ಆಗಾಗ ನಿಂತು, ಇನ್ನೂ ಚೆನ್ನಾಗಿ ಕೆಲಸ ಮಾಡುವುದು ಹೇಗೆ ಅಂತ ಯೋಚಿಸಿ, ತನ್ನ ನಡೆ ತಿದ್ದಿಕೊಳ್ಳಬೇಕು. ‘ಆಗಾಗ’ ಅಂದರೆ ಮುಗಿದ ಮೇಲೆ ಒಂದು ಸಲ ಅಂತ ಅರ್ಥವಲ್ಲ. ಎರಡು ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕೂತವರಿಗೆ ಕೊನೆಯ ಪುಟ ಬರೆಯಲು ಹೆಣಗಾಡಬೇಕಾಗಿಲ್ಲ. ಅದು ಅಷ್ಟರಲ್ಲಿ ಮುಕ್ಕಾಲು ತಯಾರಾಗಿರುತ್ತದೆ.

2. ನೆನಪಿಗಿಂತ ಮೊದಲು ದಾಖಲೆ ತೆರೆಯಿರಿ

ಮನೋವಿಜ್ಞಾನಿ ಬರೂಕ್ ಫಿಶ್‌ಹಾಫ್ 1975ರಲ್ಲಿ ಒಂದು ವಿಷಯ ತೋರಿಸಿದರು. ಒಂದು ಘಟನೆ ಹೇಗೆ ಕೊನೆಗೊಂಡಿತು ಅಂತ ಗೊತ್ತಾದ ಮೇಲೆ, ಅದು ಹಾಗೇ ಆಗುತ್ತದೆ ಅಂತ ಮೊದಲೇ ಊಹಿಸಬಹುದಿತ್ತು ಅಂತ ಜನರಿಗೆ ಅನಿಸುತ್ತದೆ. ಪ್ರಾಜೆಕ್ಟ್ ಮುಗಿದ ಮೇಲೆ ನಮಗೂ ಹಾಗೇ. ‘ನನಗೆ ಆವತ್ತೇ ಗೊತ್ತಿತ್ತು’ ಅನ್ನುವ ಮಾತು ಎಷ್ಟು ಸಲ ಕೇಳಿಲ್ಲ? ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ನೆನಪೇ ಬದಲಾಗಿರುತ್ತದೆ.

ಹಾಗಾಗಿ ಮಾತು ಶುರು ಮಾಡುವ ಮೊದಲು ಒಬ್ಬರು ಕೂತು ಇವನ್ನು ಒಟ್ಟುಮಾಡಲಿ: ಮೊದಲ ವಾರ ಬರೆದ ಪ್ಲಾನ್, ಗಿಟ್‌ನ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಸಾಧನ) ಕಮಿಟ್ ಪಟ್ಟಿ, ಅಂದರೆ ಹಾಗೆ ದಾಖಲಾದ ಬದಲಾವಣೆಗಳ ಪಟ್ಟಿ, ಟೀಮ್‌ನ ವಾಟ್ಸಾಪ್ ಗುಂಪಿನ ಮಾತುಕತೆ, ಕೆಲಸ ಹಂಚಿಕೊಂಡ ಬೋರ್ಡ್, ಗೈಡ್ ಕೊಟ್ಟ ಟಿಪ್ಪಣಿಗಳು. ಮೊದಲ ಪ್ಲಾನ್ ತೀರಾ ಮುಖ್ಯ. ಎಷ್ಟೋ ಟೀಮ್‌ಗಳು ಅದನ್ನು ಅಳಿಸಿ ಅದರ ಮೇಲೇ ಹೊಸದನ್ನು ಬರೆದಿರುತ್ತವೆ. ಹಾಗಾಗಿದ್ದರೆ ಹಳೆಯ ಆವೃತ್ತಿಯನ್ನು ಹುಡುಕಿ ತೆಗೆಯಿರಿ.

ಗಿಟ್ ಲಾಗ್, ಅಂದರೆ ಆ ಕಮಿಟ್ ಪಟ್ಟಿ, ಒಂದು ದಿನಚರಿ ಇದ್ದ ಹಾಗೆ. ಅದರಲ್ಲಿ ಮೂರು ಗುರುತು ಹುಡುಕಿ. ಒಂದು, ಯಾರೂ ಏನೂ ಮಾಡದ ಖಾಲಿ ವಾರಗಳು. ಎರಡು, ಒಂದೇ ರಾತ್ರಿಯಲ್ಲಿ ಮೂವತ್ತು ನಲವತ್ತು ಕಮಿಟ್ ಆದ ದಿನಗಳು. ಮೂರು, ‘ಸರಿ ಮಾಡಿದೆ’, ‘ಮತ್ತೆ ಸರಿ ಮಾಡಿದೆ’, ‘ಈಗ ನಿಜವಾಗಲೂ ಸರಿ’ ಅಂತ ಸಾಲಾಗಿ ಬರುವ ಕಮಿಟ್‌ಗಳು. ಪಾಠ ಇರುವುದು ಈ ಜಾಗಗಳ ಆಸುಪಾಸಿನಲ್ಲೇ.

ಒಂದು ಎಚ್ಚರಿಕೆ. ಯಾರು ಎಷ್ಟು ಕಮಿಟ್ ಮಾಡಿದರು ಅಂತ ಗಿಟ್‌ನ ಶಾರ್ಟ್‌ಲಾಗ್ ಅನ್ನುವ ಆದೇಶ ಎಣಿಸಿ ಕೊಡುತ್ತದೆ. ಅದನ್ನು ಅಂಕಪಟ್ಟಿ ಮಾಡಿಕೊಳ್ಳಬೇಡಿ. ಇಬ್ಬರು ಒಂದೇ ಲ್ಯಾಪ್‌ಟಾಪ್‌ನಲ್ಲಿ ಕೂತು ಬರೆದಿದ್ದರೆ ಒಬ್ಬರ ಹೆಸರು ಮಾತ್ರ ಕಾಣುತ್ತದೆ. ಬಳಕೆದಾರರ ಹತ್ತಿರ ಹೋಗಿ ಮಾತಾಡಿಸಿಕೊಂಡು ಬಂದವರ ಕೆಲಸ ಅಲ್ಲಿ ಇರುವುದೇ ಇಲ್ಲ.

3. ಮಾತಾಡುವ ಮೊದಲು ಒಬ್ಬೊಬ್ಬರೇ ಬರೆಯಿರಿ

ಕೂತ ತಕ್ಷಣ ‘ಸರಿ, ಏನೇನು ತಪ್ಪಾಯಿತು ಹೇಳಿ’ ಅಂದರೆ ಏನಾಗುತ್ತದೆ ಗೊತ್ತಲ್ವಾ? ಜೋರಾಗಿ ಮಾತಾಡುವವರು ಮೊದಲು ಹೇಳುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಟೀಮ್‌ನ ಪಾಠ ಅಂತ ದಾಖಲಾಗುವುದು ಒಬ್ಬರ ಅಭಿಪ್ರಾಯ.

ಅದಕ್ಕೇ ಮೊದಲ ಹದಿನೈದು ನಿಮಿಷ ಯಾರೂ ಮಾತಾಡಬೇಡಿ. ಒಟ್ಟುಮಾಡಿದ ದಾಖಲೆಗಳಿಂದ ಮೊದಲೇ ಮಾಡಿಟ್ಟ, ಯಾವ ವಾರ ಏನಾಯಿತು ಅನ್ನುವ ಕಾಲರೇಖೆಯನ್ನು ಎದುರಿಗಿಟ್ಟುಕೊಳ್ಳಿ. ಪ್ರತಿಯೊಬ್ಬರೂ ತಮ್ಮ ಹಾಳೆಯಲ್ಲಿ ಎರಡು ದಿನ ಗುರುತು ಮಾಡಲಿ: ‘ಇಲ್ಲಿ ನಮ್ಮ ಕೆಲಸ ಹಳಿಗೆ ಬಂತು’ ಅನಿಸಿದ ಒಂದು ದಿನ, ‘ಇಲ್ಲಿ ಹಳಿ ತಪ್ಪಿತು’ ಅನಿಸಿದ ಒಂದು ದಿನ. ಜೊತೆಗೆ, ಒಟ್ಟು ಕೆಲಸದಲ್ಲಿ ತಮ್ಮ ಪಾಲು ನೂರಕ್ಕೆ ಎಷ್ಟು ಅಂತ ಒಂದು ಸಂಖ್ಯೆ ಬರೆಯಲಿ.

ಆ ಸಂಖ್ಯೆಗಳನ್ನು ಆಮೇಲೆ ಕೂಡಿಸಿ. ನಾನು ಕೂತ ಟೀಮ್‌ಗಳಲ್ಲಿ ಮೊತ್ತ ನೂರಕ್ಕೆ ನಿಂತದ್ದು ಅಪರೂಪ. 1979ರಲ್ಲಿ ಮನೋವಿಜ್ಞಾನಿಗಳಾದ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಗಂಡ ಹೆಂಡತಿಯರನ್ನು ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಬೇರೆಬೇರೆಯಾಗಿ ಕೇಳಿದಾಗಲೂ, ಬಹಳಷ್ಟು ಜೋಡಿಗಳಲ್ಲಿ ಇಬ್ಬರ ಉತ್ತರ ಕೂಡಿಸಿದರೆ ಪೂರ್ಣವನ್ನು ದಾಟುತ್ತಿತ್ತು. ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತದೆ. ಬೇರೆಯವರು ಮಾಡಿದ್ದು ನಮ್ಮ ಕಣ್ಣಿಗೆ ಬಿದ್ದಿದ್ದರೆ ತಾನೆ ನೆನಪಾಗುವುದು? ಟೀಮ್‌ನವರು ಇದನ್ನು ತಮ್ಮದೇ ಸಂಖ್ಯೆಯಲ್ಲಿ ನೋಡಿದಾಗ ಕೋಣೆಯ ಬಿಗುವು ಸ್ವಲ್ಪ ಸಡಿಲವಾಗುತ್ತದೆ.

4. ನಾಲ್ಕು ಪ್ರಶ್ನೆ, ಒಂದು ನಿಯಮ

ಮಾತುಕತೆಗೆ ಒಂದು ಸರಳ ಚೌಕಟ್ಟು ಇದ್ದರೆ ಒಳ್ಳೆಯದು. ಅಮೆರಿಕದ ಸೇನೆ 1970ರ ದಶಕದಿಂದ ತರಬೇತಿಯ ನಂತರ ಹೀಗೆ ಕೂತು ವಿಮರ್ಶೆ ಮಾಡುವ ಪದ್ಧತಿ ಬೆಳೆಸಿಕೊಂಡಿದೆ. ಪ್ರಶ್ನೆ ನಾಲ್ಕೇ: ಏನಾಗಬೇಕಿತ್ತು? ಏನಾಯಿತು? ಯಾಕೆ ಹಾಗಾಯಿತು? ಮುಂದಿನ ಸಲ ಯಾವುದನ್ನು ಉಳಿಸಿಕೊಳ್ಳೋಣ, ಯಾವುದನ್ನು ಬದಲಿಸೋಣ? ಹೆಚ್ಚಿನ ಟೀಮ್‌ಗಳು ಮೊದಲ ಎರಡು ಪ್ರಶ್ನೆ ಹಾರಿಸಿ ನೇರವಾಗಿ ಮೂರನೆಯದಕ್ಕೆ ಬರುತ್ತವೆ. ಏನಾಯಿತು ಅನ್ನುವುದರಲ್ಲೇ ಒಬ್ಬೊಬ್ಬರದು ಒಂದೊಂದು ಕಥೆ ಇರುವಾಗ, ಯಾಕೆ ಅಂತ ಚರ್ಚಿಸಿ ಏನು ಬಂತು?

ನಿಯಮ ಇದು: ಯಾವ ತೀರ್ಮಾನದ ಬಗ್ಗೆ ಮಾತಾಡುವಾಗಲೂ ‘ಆ ದಿನ ನಮಗೆ ಏನು ಗೊತ್ತಿತ್ತು?’ ಅಂತ ಮೊದಲು ಕೇಳಿ. ಗೊತ್ತಿದ್ದೂ ಬಿಟ್ಟಿದ್ದರೆ ಅದು ಒಂದು ಥರದ ಪಾಠ. ಗೊತ್ತೇ ಇರಲಿಲ್ಲ ಅಂದರೆ, ತಿಳಿದುಕೊಳ್ಳುವ ದಾರಿ ಇತ್ತೇ ಅನ್ನುವುದು ಇನ್ನೊಂದು ಥರದ ಪಾಠ. ಎರಡನ್ನೂ ಕಲಸಬೇಡಿ.

ಟೀಮ್ ಲೀಡರ್ ಈ ಸಭೆ ನಡೆಸದಿದ್ದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಹಳಷ್ಟು ತೀರ್ಮಾನ ಅವರದೇ ಆಗಿರುತ್ತದೆ. ಬೇರೆ ಟೀಮ್‌ನ ಗೆಳೆಯರೊಬ್ಬರನ್ನು ಕರೆಯಿರಿ, ನೀವು ಅವರ ಸಭೆಗೆ ಹೋಗಿ.

5. ಒಂದು ಘಟನೆ ಹಿಡಿದು ಆಳಕ್ಕೆ ಇಳಿಯಿರಿ

ಇಡೀ ಮಾರ್ಗದರ್ಶಿಯಲ್ಲಿ ಇದೇ ಮುಖ್ಯ ಹೆಜ್ಜೆ. ಇದಕ್ಕೆ ಅರ್ಧಕ್ಕಿಂತ ಜಾಸ್ತಿ ಸಮಯ ಕೊಡಿ. ಎಲ್ಲರೂ ಗುರುತು ಮಾಡಿದ ದಿನಗಳಲ್ಲಿ ಎರಡು, ಹೆಚ್ಚೆಂದರೆ ಮೂರು ಆರಿಸಿಕೊಳ್ಳಿ. ಹತ್ತು ಬೇಡ. ಟೊಯೋಟಾದ ಕಾರ್ಖಾನೆಗಳಿಂದ ಪ್ರಸಿದ್ಧವಾದ ಒಂದು ಉಪಾಯವಿದೆ: ತೊಂದರೆಯ ಮುಂದೆ ನಿಂತು ‘ಯಾಕೆ’ ಅಂತ ಐದು ಸಲ ಕೇಳುವುದು. ಐದು ಅನ್ನುವುದು ಲೆಕ್ಕಕ್ಕೆ ಅಷ್ಟೆ. ಮೊದಲ ಉತ್ತರಕ್ಕೇ ನಿಲ್ಲಬಾರದು ಅನ್ನುವುದು ತಿರುಳು.

ನಮ್ಮದೇ ಪ್ರಾಜೆಕ್ಟ್ ಹೇಳುತ್ತೇನೆ. ಪುಸ್ತಕ ಎರವಲು ಕೊಡುವ ಒಂದು ಆ್ಯಪ್. ಐದು ಜನ, ಹನ್ನೆರಡು ವಾರ. ಡೆಮೊದ ಹಿಂದಿನ ರಾತ್ರಿ ಎರವಲು ಪುಟ ಕುಸಿಯಿತು. ಸಂಜೆಯವರೆಗೆ ಚೆನ್ನಾಗಿಯೇ ನಡೆಯುತ್ತಿತ್ತು.

ಯಾಕೆ ಕುಸಿಯಿತು? ಪರದೆಯ ಕಡೆಯಿಂದ, ಅಂದರೆ ಬಳಕೆದಾರರಿಗೆ ಕಾಣುವ ಭಾಗದಿಂದ, ದಿನಾಂಕ ದಿನ-ತಿಂಗಳು-ವರ್ಷ ಅಂತ ಹೋಗುತ್ತಿತ್ತು. ಸರ್ವರ್ ಅದನ್ನು ತಿಂಗಳು-ದಿನ-ವರ್ಷ ಅಂತ ಓದುತ್ತಿತ್ತು. ನಾವು ಟೆಸ್ಟ್ ಮಾಡುವಾಗ ಹಾಕಿದ ದಿನಾಂಕವೆಲ್ಲ ತಿಂಗಳ ಮೊದಲ ಹನ್ನೆರಡು ದಿನದೊಳಗಿನವು. ಮಾರ್ಚ್ 5 ಸದ್ದಿಲ್ಲದೆ ಮೇ 3 ಆಗುತ್ತಿತ್ತು. ತಪ್ಪು ಕಾಣುತ್ತಿರಲಿಲ್ಲ. ಆ ರಾತ್ರಿ ಯಾರೋ 13 ಅಂತ ಹಾಕಿದರು. ಹದಿಮೂರನೇ ತಿಂಗಳು ಎಲ್ಲಿಂದ ಬರಬೇಕು?

ಇಲ್ಲಿಗೆ ನಿಲ್ಲಿಸಿದ್ದರೆ ನಮ್ಮ ಪಾಠ ‘ದಿನಾಂಕಗಳ ಬಗ್ಗೆ ಜಾಗ್ರತೆ ಇರಲಿ’ ಅಂತ ಆಗುತ್ತಿತ್ತು. ಮುಂದೆ ಕೇಳಿದೆವು.

ಯಾಕೆ ಎರಡು ಕಡೆ ಎರಡು ಥರ? ಇಬ್ಬರೂ ತಮಗೆ ಸಹಜ ಅನಿಸಿದ್ದನ್ನು ಬರೆದಿದ್ದರು. ಒಪ್ಪಂದ ಎಲ್ಲೂ ಇರಲಿಲ್ಲ. ವರ್ಷ-ತಿಂಗಳು-ದಿನ ಅಂತ ಬರೆಯುವ ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಮಾನದಂಡ 1988ರಿಂದಲೂ ಇದೆ. ಇದೆ ಅಂತ ನಮ್ಮಲ್ಲಿ ಒಬ್ಬಳಿಗೆ ಗೊತ್ತೂ ಇತ್ತು. ಕೇಳುವ ಸಂದರ್ಭವೇ ಬರಲಿಲ್ಲ.

ಯಾಕೆ ಬರಲಿಲ್ಲ? ಮೊದಲ ಸಭೆಯಲ್ಲಿ ‘ಪರದೆ ನೀವಿಬ್ಬರು, ಸರ್ವರ್ ನಾವಿಬ್ಬರು, ಡೇಟಾಬೇಸ್ ಅವನು’ ಅಂತ ಹಂಚಿಕೊಂಡು ಎದ್ದೆವು. ಎರಡು ಭಾಗಗಳ ನಡುವಿನ ಗೆರೆ ಯಾರ ಪಾಲಿಗೂ ಬರಲಿಲ್ಲ.

ಹಾಗಿದ್ದರೂ ಯಾಕೆ ಮೊದಲೇ ಸಿಕ್ಕಿಬೀಳಲಿಲ್ಲ? ಎರಡು ಭಾಗ ಮೊದಲ ಸಲ ಜೋಡಿಸಿದ್ದು ಹನ್ನೊಂದನೇ ವಾರದಲ್ಲಿ. ಅಲ್ಲಿಯವರೆಗೆ ಪರದೆ ನಕಲಿ ಡೇಟಾ ಮೇಲೆ ಓಡುತ್ತಿತ್ತು.

ಯಾಕೆ ಅಷ್ಟು ತಡ? ಈ ಪ್ರಶ್ನೆಗೆ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಒಬ್ಬ ಹೇಳಿದ: ‘ಅರ್ಧಂಬರ್ಧ ಕೋಡ್ ನಿಮಗೆಲ್ಲ ತೋರಿಸೋಕೆ ನಾಚಿಕೆ ಆಗ್ತಿತ್ತು. ಪೂರ್ತಿ ಆಗಲಿ ಅಂತ ಕಾಯ್ತಿದ್ದೆ.’ ಎಲ್ಲರದೂ ಅದೇ ಕಥೆ ಆಗಿತ್ತು.

ನೋಡಿ, ದಿನಾಂಕದಿಂದ ಶುರುವಾಗಿ ಎಲ್ಲಿಗೆ ಬಂದೆವು! ನಮಗೆ ಸಿಕ್ಕ ದಿನ ಎರಡನೇ ವಾರದ ಸೋಮವಾರ. ಅವತ್ತೇ ಒಂದು ಬಟನ್, ಸರ್ವರ್‌ಗೆ ಒಂದು ವಿನಂತಿ, ಡೇಟಾಬೇಸ್‌ನಲ್ಲಿ ಒಂದು ಸಾಲು, ಇಷ್ಟನ್ನು ಈ ತುದಿಯಿಂದ ಆ ತುದಿವರೆಗೆ ಜೋಡಿಸಿ ಓಡಿಸಿದ್ದರೆ ಉಳಿದದ್ದೆಲ್ಲ ಅದರ ಮೇಲೆ ಬೆಳೆಯುತ್ತಿತ್ತು.

ಇದು ವಿದ್ಯಾರ್ಥಿಗಳಿಗೆ ಮಾತ್ರ ಆಗುವ ತಪ್ಪು ಅಂದುಕೊಳ್ಳಬೇಡಿ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ತಲುಪುವಾಗ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಸೆಕೆಂಡ್ ಲೆಕ್ಕದಲ್ಲಿ ಸಂಖ್ಯೆ ಕೊಡುತ್ತಿತ್ತು. ಅದನ್ನು ಪಡೆಯುವ ಕಡೆ ನ್ಯೂಟನ್-ಸೆಕೆಂಡ್ ಅಂದುಕೊಂಡಿತ್ತು. ತನಿಖೆ ಮಾಡಿದವರು ಅಳತೆಯ ತಪ್ಪಿಗೇ ನಿಲ್ಲಲಿಲ್ಲ. ಆ ತಪ್ಪು ಯಾರ ಕಣ್ಣಿಗೂ ಬೀಳದೆ ಹೇಗೆ ದಾಟಿಹೋಯಿತು ಅಂತಲೂ ಕೇಳಿದರು. ನಿಮ್ಮ ಸಭೆಯಲ್ಲೂ ಈ ಎರಡನೇ ಪ್ರಶ್ನೆ ಇರಲಿ.

6. ಕೆಲಸ ಮಾಡದವರ ವಿಷಯ

ಪ್ರತಿ ಟೀಮ್‌ನಲ್ಲೂ ಈ ಮಾತು ಬರುತ್ತದೆ. ಬಹಳ ಸಲ ಬಾಯಿಗೆ ಬರದೆ ಹೊಟ್ಟೆಯೊಳಗೇ ಉಳಿಯುತ್ತದೆ.

ನಮ್ಮ ಟೀಮ್‌ನಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಗೆಳೆಯ ಮೂರನೇ ವಾರದಿಂದ ಆರನೇ ವಾರದವರೆಗೆ ಒಂದೂ ಕಮಿಟ್ ಮಾಡಿರಲಿಲ್ಲ. ಸೋಮಾರಿ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೆವು. ಅವನ ಕೆಲಸವನ್ನು ಸದ್ದಿಲ್ಲದೆ ಬೇರೆಯವರು ಹಂಚಿಕೊಂಡೆವು. ಕೊನೆಯಲ್ಲಿ ಕೂತಾಗ ಗೊತ್ತಾಯಿತು, ಅವನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡೇಟಾಬೇಸ್ ಇನ್‌ಸ್ಟಾಲ್ ಆಗುತ್ತಲೇ ಇರಲಿಲ್ಲ. ಮೊದಲ ದಿನ ಕೇಳಲು ಸಂಕೋಚ. ಒಂದು ವಾರ ಕಳೆದ ಮೇಲೆ ‘ಇನ್ನೂ ಇದೇ ಆಗಿಲ್ವಾ’ ಅಂತಾರೆ ಅನ್ನುವ ಹೆದರಿಕೆ. ಮೂರು ವಾರ ಕಳೆದ ಮೇಲೆ ಗುಂಪಿನ ಮೆಸೇಜ್ ತೆರೆಯುವುದನ್ನೇ ಬಿಟ್ಟಿದ್ದ. ನಮ್ಮಲ್ಲಿ ಯಾರಾದರೂ ಒಬ್ಬರು ಪಕ್ಕದಲ್ಲಿ ಅರ್ಧ ಗಂಟೆ ಕೂತಿದ್ದರೆ ಮುಗಿಯುವ ತೊಂದರೆ. ಇದು ನನಗೆ ಈಗಲೂ ನೋವು ಕೊಡುವ ನೆನಪು.

ಆದ್ದರಿಂದ ನೀವು ಬರೆಯುವಾಗ ಮನುಷ್ಯರಿಗೆ ಹೆಸರಿಡಬೇಡಿ. ಆದದ್ದನ್ನು ದಿನಾಂಕದ ಜೊತೆ ಬರೆಯಿರಿ. ‘ಅವರು ಬೇಜವಾಬ್ದಾರಿ’ ಅನ್ನುವುದರ ಬದಲು ‘3ನೇ ವಾರದಿಂದ 6ನೇ ವಾರದವರೆಗೆ ಡೇಟಾಬೇಸ್ ಕೆಲಸ ನಿಂತಿತ್ತು, ಕಾರಣ ಏನು ಅಂತ ಕೊನೆಯವರೆಗೂ ಯಾರೂ ಕೇಳಲಿಲ್ಲ’. ಎರಡನೇ ವಾಕ್ಯದಲ್ಲಿ ನಿಮ್ಮ ಪಾಲೂ ಕಾಣುತ್ತದೆ. ನಾವು ಅಲ್ಲಿಂದ ತೆಗೆದ ಪಾಠ ಹೀಗಿತ್ತು: ಎರಡು ಗಂಟೆ ಸಿಕ್ಕಿಹಾಕಿಕೊಂಡರೆ ಗುಂಪಿನಲ್ಲಿ ಹೇಳಲೇಬೇಕು, ಹೇಳಿದವರನ್ನು ಯಾರೂ ಪ್ರಶ್ನಿಸಬಾರದು.

ನಿಜವಾಗಿಯೂ ಕೆಲಸ ತಪ್ಪಿಸಿಕೊಂಡವರೂ ಇರುತ್ತಾರೆ. ಅದನ್ನು ಮುಚ್ಚಿಡಬೇಕು ಅಂತ ನಾನು ಹೇಳುತ್ತಿಲ್ಲ. ಯಾವಾಗ ಕೇಳಿದಿರಿ, ಏನು ಉತ್ತರ ಬಂತು, ಗೈಡ್‌ಗೆ ಯಾವಾಗ ತಿಳಿಸಿದಿರಿ, ಇಷ್ಟನ್ನೂ ಇದ್ದ ಹಾಗೆ ಬರೆಯಿರಿ. ಗೈಡ್‌ಗೆ ಹನ್ನೆರಡನೇ ವಾರ ಹೇಳಿದ್ದರೆ ಅದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ನಾಲ್ಕನೇ ವಾರವೇ ಯಾಕೆ ಹೇಳಲಿಲ್ಲ ಅನ್ನುವುದೂ ಒಂದು ಪಾಠ.

7. ಅಂದಾಜು ಮತ್ತು ಅಸಲಿ

ಒಂದು ಚಿಕ್ಕ ಪಟ್ಟಿ ಮಾಡಿ. ದೊಡ್ಡ ಕೆಲಸ ಎಂಟು ಹತ್ತು ಸಾಕು. ಪಕ್ಕದಲ್ಲಿ, ಎಷ್ಟು ದಿನ ಆಗುತ್ತದೆ ಅಂದುಕೊಂಡಿದ್ದಿರಿ, ಎಷ್ಟು ದಿನ ಆಯಿತು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಲಾಗಿನ್ ಪುಟಕ್ಕೆ ಎರಡು ದಿನ ಅಂದುಕೊಂಡು ಆರು ದಿನ ಆಗಿದ್ದರೆ, ಮೂರು.

1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನೋವಿಜ್ಞಾನಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ ಅಂದಾಜು ಸುಮಾರು 34 ದಿನ. ನಿಜಕ್ಕೂ ಆದದ್ದು ಸುಮಾರು 55 ದಿನ. ಹಾಗಾಗಿ ನಿಮ್ಮ ಅಂದಾಜು ತಪ್ಪಿದರೆ ಬೇಸರ ಬೇಡ. ನಿಮ್ಮ ಟೀಮ್‌ನ ಅಂದಾಜು ಎಲ್ಲಿ ಜಾಸ್ತಿ ತಪ್ಪುತ್ತದೆ ಅನ್ನುವುದನ್ನು ನೋಡಿ. ಬಹುತೇಕ ಟೀಮ್‌ಗಳಲ್ಲಿ ಕೋಡ್ ಬರೆಯುವ ಅಂದಾಜು ಅಷ್ಟೇನೂ ಕೆಟ್ಟಿರುವುದಿಲ್ಲ. ಜೋಡಿಸುವುದು, ಸರ್ವರ್‌ಗೆ ಏರಿಸುವುದು, ರಿಪೋರ್ಟ್ ಬರೆಯುವುದು, ಇವುಗಳಿಗೆ ದಿನವನ್ನೇ ಇಟ್ಟಿರುವುದಿಲ್ಲ.

ಇನ್ನೊಂದು ಪ್ರಶ್ನೆ ಈಗ ಕೇಳಲೇಬೇಕು. ನಿಮ್ಮ ಕೋಡ್‌ನಲ್ಲಿ ಟೀಮ್‌ನ ಯಾರಿಗೂ ಪೂರ್ತಿ ಅರ್ಥವಾಗದ ಭಾಗ ಯಾವುದು? ಇಂಟರ್‌ನೆಟ್‌ನಿಂದ ತಂದದ್ದಿರಬಹುದು, ಎಐ ಬರೆದುಕೊಟ್ಟದ್ದಿರಬಹುದು. ಅದರಲ್ಲಿ ಬಗ್ ಬಂದಾಗ ಎಷ್ಟು ಹೊತ್ತು ಹೋಯಿತು ಅಂತ ಪಟ್ಟಿಗೆ ಸೇರಿಸಿ.

8. ಪಾಠವನ್ನು ಬರೆಯುವ ಬಗೆ

ಒಂದು ಪಾಠದಲ್ಲಿ ನಾಲ್ಕು ಸಂಗತಿ ಬೇಕು: ಏನಾಯಿತು, ಮೂಲ ಎಲ್ಲಿ, ಮುಂದಿನ ಸಲ ಏನು ಮಾಡುತ್ತೇವೆ, ಅದನ್ನು ಯಾವಾಗ ಮಾಡುತ್ತೇವೆ. ಕೊನೆಯದನ್ನು ಬಿಟ್ಟವರೇ ಜಾಸ್ತಿ.

‘ಟೆಸ್ಟಿಂಗ್‌ಗೆ ಹೆಚ್ಚು ಗಮನ ಕೊಡಬೇಕಿತ್ತು’ ಅನ್ನುವುದನ್ನು ತೆಗೆದುಕೊಳ್ಳಿ. ಅದನ್ನು ಹೀಗೆ ತಿದ್ದಬಹುದು: ‘8ನೇ ವಾರ ಮರ್ಜ್ ಮಾಡಿದ (ಮುಖ್ಯ ಕೋಡ್‌ಗೆ ಸೇರಿಸಿದ) ಬದಲಾವಣೆಯಿಂದ ಲಾಗಿನ್ ಕೆಟ್ಟಿತು. ನಾಲ್ಕು ದಿನ ಯಾರಿಗೂ ಗೊತ್ತಾಗಲಿಲ್ಲ. ಮರ್ಜ್ ಮಾಡುವ ಮೊದಲು ಇನ್ನೊಬ್ಬರು ನೋಡಬೇಕು ಅನ್ನುವ ನಿಯಮ ನಮ್ಮಲ್ಲಿ ಇರಲಿಲ್ಲ. ಮುಂದಿನ ಪ್ರಾಜೆಕ್ಟ್‌ನಲ್ಲಿ ಮೊದಲ ಕಮಿಟ್ ಆಗುವ ಮೊದಲೇ ಮುಖ್ಯ ಬ್ರಾಂಚ್‌ಗೆ (ಎಲ್ಲರ ಕೋಡ್ ಸೇರುವ ಪ್ರತಿ) ಇನ್ನೊಬ್ಬರು ನೋಡದೆ ಏನೂ ಸೇರದಂತೆ ಬೀಗ ಹಾಕುತ್ತೇವೆ. ಲಾಗಿನ್‌ಗೆ ಒಂದು ಟೆಸ್ಟ್ ಬರೆದು, ಪ್ರತಿ ಮರ್ಜ್‌ನಲ್ಲೂ ತಾನಾಗಿ ಓಡುವಂತೆ ಇಡುತ್ತೇವೆ.’

ಉದ್ದವಾಯಿತು, ನಿಜ. ಆದರೆ ಓದಿದವರಿಗೆ ನಾಳೆ ಬೆಳಗ್ಗೆ ಏನು ಮಾಡಬೇಕು ಅಂತ ತಿಳಿಯುತ್ತದೆ. ಇಂಥವು ಮೂರು ಇದ್ದರೆ ಸಾಕು.

ಚೆನ್ನಾಗಿ ನಡೆದದ್ದಕ್ಕೂ ಇದೇ ಅಳತೆ. ‘ಟೀಮ್‌ನಲ್ಲಿ ಹೊಂದಾಣಿಕೆ ಇತ್ತು’ ಅಂತ ಬಿಡಬೇಡಿ. ಯಾವುದರಿಂದ ಬಂತು? ಒಂದು ಟೀಮ್‌ನ ಮೂವರು ದಿನಾ ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಆ ಮೂವರ ಭಾಗಗಳ ನಡುವೆ ಜೋಡಣೆಯ ತೊಂದರೆಯೇ ಬರಲಿಲ್ಲ. ಅದು ಅವರಿಗೆ ಹೊಳೆದದ್ದು ಕಾಲರೇಖೆ ನೋಡಿದ ಮೇಲೆ. ಐದು ಜನರ ಟೀಮ್‌ನಲ್ಲಿ ಇಬ್ಬಿಬ್ಬರ ಜೋಡಿ ಹತ್ತು ಆಗುತ್ತವೆ. ಯಾವ ಜೋಡಿ ಇಡೀ ಪ್ರಾಜೆಕ್ಟ್‌ನಲ್ಲಿ ಒಮ್ಮೆಯೂ ನೇರವಾಗಿ ಮಾತಾಡಲಿಲ್ಲ ಅಂತ ಎಣಿಸಿ ನೋಡಿ.

9. ನಿಮ್ಮದೇ ಪುಟ

ಕೆಲವು ಕಡೆ ಟೀಮ್‌ನ ರಿಪೋರ್ಟ್ ಜೊತೆಗೆ ಪ್ರತಿಯೊಬ್ಬರೂ ಸ್ವಂತ ಪುಟ ಬರೆಯಬೇಕಾಗುತ್ತದೆ. ಅಲ್ಲಿ ‘ನಾವು’ ಬಿಟ್ಟು ‘ನಾನು’ ಅಂತ ಬರೆಯಿರಿ. ನೀವು ತೆಗೆದುಕೊಂಡ ಒಂದು ತೀರ್ಮಾನ ಆರಿಸಿ, ಅದು ತಪ್ಪಾದದ್ದಾಗಿದ್ದರೆ ಇನ್ನೂ ಒಳ್ಳೆಯದು. ತಪ್ಪು ಒಪ್ಪಿಕೊಂಡರೆ ಅಂಕ ಹೋಗುತ್ತದೆ ಅಂತ ಹೆದರುವವರು ತುಂಬಾ. ನಾನು ಓದಿದ ಪುಟಗಳಲ್ಲಿ ಮನಸ್ಸಿನಲ್ಲಿ ಉಳಿದವು, ಒಂದು ತಪ್ಪನ್ನು ಹಿಡಿದು ಅದರ ಬೇರಿನವರೆಗೆ ಹೋದವುಗಳೇ.

10. ಹಾಳೆಯನ್ನು ಎಲ್ಲಿಡಬೇಕು

ರಿಪೋರ್ಟ್‌ನ ಕೊನೆಯ ಪುಟದಲ್ಲಿ ಇಟ್ಟರೆ ಅದು ಅಲ್ಲೇ ಮಲಗುತ್ತದೆ. ಒಂದು ಪ್ರತಿಯನ್ನು ಕೋಡ್ ಇರುವ ಫೋಲ್ಡರ್‌ನಲ್ಲೇ ಇಡಿ. ಇನ್ನೊಂದನ್ನು ನಿಮ್ಮ ಸ್ವಂತ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಮುಂದಿನ ಪ್ರಾಜೆಕ್ಟ್‌ನ ಟೀಮ್ ಬೇರೆ ಇರಬಹುದು. ಮೊದಲ ಸಭೆಯಲ್ಲಿ ಕೆಲಸ ಹಂಚುವ ಮೊದಲು ಎಲ್ಲರೂ ತಮ್ಮ ತಮ್ಮ ಹಾಳೆ ತೆರೆದು ಮೂರು ಮೂರು ಪಾಠ ಜೋರಾಗಿ ಓದಿ. ‘ಯಾವಾಗ’ ಅಂತ ಬರೆದ ಜಾಗ ನೋಡಿ, ಆ ದಿನಗಳನ್ನು ಕ್ಯಾಲೆಂಡರ್‌ಗೆ ಹಾಕಿ, ಪಕ್ಕದಲ್ಲಿ ಒಬ್ಬೊಬ್ಬರ ಹೆಸರು ಬರೆಯಿರಿ. ಎರಡನೇ ವಾರದ ಸೋಮವಾರದ ಪಕ್ಕದಲ್ಲಿ ನಾನು ಯಾವಾಗಲೂ ನನ್ನ ಹೆಸರು ಬರೆದುಕೊಳ್ಳುತ್ತೇನೆ: ಒಂದು ಬಟನ್, ಒಂದು ವಿನಂತಿ, ಒಂದು ಸಾಲು.